ಉಲ್ಟಾ

ಊರಿನ ಹೆಸರೇ ಸೂರ್; ನೆರಳಿಗೆ ಮಾತ್ರ ಸೂರಿಲ್ಲ.
ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಬಿಸಿಲು
ಸಾಲಗಾರನ ಹಾಗೆ ಗೋಡೆಗೆ ಒರಗಿ ನಿಂತಿತ್ತು.
ಹಾಲಿನಪುಡಿಯ ಕಾರ್ಟನ್ ಬಿಡಿಸಿ ಹಾಸಿ
ಕ್ರೆಸಿಡಾದ ಕೆಳಗೆ ಜಾರಿದೆ,
ನೈಟ್ ಡ್ಯೂಟಿ ಮುಗಿಸಿ ಬಂದವಳು, ನಿದ್ದೆಗೂ ಹೋಗದೆ.

ತೊಂಬತ್ತೊಂದರ ಗಾಡಿ. ಬಿಳಿ, ಅಂದರೆ ಹಿಂದೊಮ್ಮೆ ಬಿಳಿ.
ಮನೆಯೊಡೆಯ ಖಲ್ಫಾನ್ ಅಜ್ಜ ಕಣ್ಣು ಮಸುಕಾದ ವರ್ಷ
ಇನ್ನೂರು ರಿಯಾಲಿಗೆ ನನಗೆ ಕೊಟ್ಟ.
ಕೊಟ್ಟ ಮೇಲೂ ದಿನಾ ಸಂಜೆ ಬಂದು
ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಹೋಗುತ್ತಾನೆ,
ಮಗುವಿನ ಜ್ವರ ನೋಡುವ ಹಾಗೆ.

ತಿಂಗಳಿಂದ ಅದಕ್ಕೆ ದಮ್ಮು.
ಕಲ್ಹಾತ್ ಏರಿನಲ್ಲಿ ಬಿಕ್ಕಿ ಬಿಕ್ಕಿ ನಿಂತೇ ಹೋಯಿತು,
ಹಿಂದಿನ ಲಾರಿಯವನು ಹಾರ್ನಿನಲ್ಲೇ ನನ್ನ ಜನ್ಮ ಜಾಲಾಡಿದ.
"ಫಿಲ್ಟರ್," ಎಂದ ಅಜ್ಜ, ಬಾನೆಟ್ಟು ಎತ್ತುವ ಮೊದಲೇ.
ಸ್ಪೇರ್ ಅಂಗಡಿಯ ಮೊಯ್ದೀನಾಕ ಮೂರು ರಿಯಾಲಿಗೆ ಕೊಟ್ಟು
"ನಟ್ಟು ಬರಲಿಕ್ಕಿಲ್ಲ, ಗ್ಯಾರೇಜಿಗೆ ಹಾಕಿ" ಎಂದ.
ಗ್ಯಾರೇಜಿನವನು ಹದಿನೈದು ಎಂದ.
ಹದಿನೈದಕ್ಕಿಂತ ನನ್ನ ಹಟವೇ ಅಗ್ಗ.

ಪಂಪಿನ ಫ್ಯೂಸು ಕಿತ್ತು, ಇಂಜಿನ್ನು ತಾನಾಗಿ ಸಾಯುವವರೆಗೆ ಓಡಿಸಿ,
ವಾರ್ಡಿನಲ್ಲಿ ಬಿಸಾಡಲಿದ್ದ ಆರ್ಟರಿ ಫೋರ್ಸೆಪ್ಸಿನಿಂದ
ರಬ್ಬರ್ ಪೈಪಿನ ಕತ್ತು ಹಿಡಿದೆ. ಕಟಕ್, ಕಟಕ್, ಎರಡು ಹಲ್ಲು.
ನನಗೆ ಬರುವ ವಿದ್ಯೆ ಅಷ್ಟು.
ಕೆಳಗಿನ ನಟ್ಟು ಬಂತು.
ಮೇಲಿನದು ಬರಲಿಲ್ಲ.

ಸ್ಪ್ಯಾನರಿನ ಬಾಲಕ್ಕೆ ಪೈಪು ಸಿಕ್ಕಿಸಿ ತಳ್ಳಿದೆ.
ತುಕ್ಕಿನ ಎಣ್ಣೆ ಹೊಡೆದು ಹತ್ತು ನಿಮಿಷ ಕಾದು ತಳ್ಳಿದೆ.
ಸಂತ ಅಂತೋನಿಗೆ ಒಂದು ಮೇಣದಬತ್ತಿ ಹೇಳಿಕೊಂಡು ತಳ್ಳಿದೆ
(ಕಳೆದದ್ದು ಹುಡುಕಿಕೊಡುವವನು ಅವನು,
ಬಿಗಿದದ್ದು ಬಿಡಿಸುವವನಲ್ಲ; ಆದರೂ).
ಗೆಣ್ಣಿನ ಸಿಪ್ಪೆ ಹೋಯಿತು. ಬೆವರು ಕಣ್ಣಿಗಿಳಿದು, ಕಣ್ಣಿನಿಂದ ಕಿವಿಗೆ.
"ಯಾರಪ್ಪಾ ಬಿಗಿದದ್ದು ಇದನ್ನ?"
"ನಾನು," ಎಂದ ಅಜ್ಜ ಪ್ಲಾಸ್ಟಿಕ್ ಕುರ್ಚಿಯಿಂದ.
"ದೊಡ್ಡ ಗಾಳಿ ಬಂದ ವರ್ಷ. ಮಗನ ಮೇಲೆ ಸಿಟ್ಟಿತ್ತು."
ಎಂಥ ಸಿಟ್ಟು ಅಂತ ಕೇಳಲಿಲ್ಲ. ನಟ್ಟು ಹೇಳುತ್ತಲೇ ಇತ್ತು.

ಖರ್ಜೂರದ ಬೀಜ ಉಗುಳಿದ ಸದ್ದು. ಕುರ್ಚಿ ಕಿರುಗುಟ್ಟಿತು.
"ಸಿಸ್ಟರ್, ಯಾವ ಕಡೆ ತಳ್ಳುತ್ತೀ?"
"ಚಕ್ರದ ಕಡೆಗೆ."
ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಬಂಪರಿನ ಅಡಿ ಎರಡು ಪಾದ, ಬಿಳಿ ದಿಶ್‌ದಾಶದ ಅಂಚು,
ಮತ್ತೆ ನಗು: ಹಲ್ಲಿಲ್ಲದ್ದು, ಕೆಮ್ಮು ಬೆರೆತದ್ದು, ನಿಲ್ಲದ್ದು.
"ಉಲ್ಟಾ, ಸಿಸ್ಟರ್. ನೀನು ಬಿಗಿಯುತ್ತಾ ಇದ್ದೀ."

ಅಂಗಾತ ಮಲಗಿದವಳಿಗೆ
ಬಿಚ್ಚುವ ಕಡೆಯೇ ಬಿಗಿಯುವ ಕಡೆ.
ನಲವತ್ತು ನಿಮಿಷ
ಅವನ ಸಿಟ್ಟಿನ ಮೇಲೆ ನನ್ನದನ್ನು ಸುತ್ತುತ್ತಿದ್ದೆ.

ಈಚೆ ಎಳೆದೆ. ಏನಿಲ್ಲ. ಎಳೆದೆ.
ತಪ್ಪಿದ ಭುಜ ಕೂತ ಹಾಗೆ ಠಪ್ಪೆಂದು ಬಿಟ್ಟಿತು.
ಪೆಟ್ರೋಲು ಮೊಣಕೈಗೆ, ಮೊಣಕೈಯಿಂದ ಕಂಕುಳಿಗೆ.
ಆ ಬೆಳಿಗ್ಗೆ ಇಡೀ ಸೂರಿನಲ್ಲಿ ತಣ್ಣಗಿದ್ದದ್ದು ಅದೊಂದೇ.

ಹಳೆಯದನ್ನು ಉಪ್ಪಿನಕಾಯಿ ಬಾಟಲಿಗೆ ಬಗ್ಗಿಸಿದೆ.
ಮೊದಲು ಕಷಾಯದಂಥ ಕರಿನೀರು, ಹಿಂದೆ ತುಕ್ಕು,
ಕೊನೆಗೆ ಗೋಧಿಹಿಟ್ಟಿನಷ್ಟು ನುಣ್ಣನೆ ಮರಳು.
ಅಜ್ಜ ಚಿಟಿಕೆ ತೆಗೆದು ತಿಕ್ಕಿ ಮೂಸಿ
"ಮರಳು ನನ್ನ ಕಾಲದ್ದು," ಎಂದ. "ಕರಿನೀರು ನಿನ್ನದು."

ಹೊಸದನ್ನು ಕೂರಿಸಿ, ತಾಮ್ರದ ವಾಷರು ಹಾಕಿ,
ಕೈಗೆ ಸಾಕು ಅನ್ನಿಸುವಷ್ಟೇ ಬಿಗಿದೆ.
ಮುಂದೆ ಬಿಚ್ಚುವವರು ಯಾರೋ, ಅವರಿಗೂ ಗೆಣ್ಣಿರುತ್ತದೆ.
ಫೋರ್ಸೆಪ್ಸ್ ಬಿಡಿಸಿ, ಫ್ಯೂಸು ಹಾಕಿ, ಸೀಟಿಗೆ ಬಂದು ಕೂತೆ.

ಮಸೀದಿಯ ಮೈಕು ಒಮ್ಮೆ ಗಂಟಲು ಸರಿಮಾಡಿಕೊಂಡಿತು.
"ಬಾಣ?" ಎಂದ ಅಜ್ಜ.
"ಯಾವ ಬಾಣ?"
"ಫಿಲ್ಟರಿನ ಹೊಟ್ಟೆಯ ಮೇಲೆ ಒಂದು ಇರುತ್ತದೆ.
ಇಂಜಿನ್ನಿನ ಕಡೆ ನೋಡಬೇಕು. ನೋಡುತ್ತಿದೆಯಾ?"

ಕೀಲಿಯ ಮೇಲೆ ಕೈ.
ಬಾಣ ಕಂಡದ್ದು ನೆನಪಿದೆ. ಯಾವ ಕಡೆಗೆ, ನೆನಪಿಲ್ಲ.
ಇದ್ದರೂ ಅದು ಮಲಗಿದವಳ ನೆನಪು.
ಕಾರ್ಟನ್ ಮತ್ತೆ ಹಾಸಿದೆ.